ಇಲ್ಲದ ಮಠದ ಬಾಗಿಲು

ಈ ಭಾನುವಾರ ಹೆಂಡತಿಗೆ ಮೌನದ ರುಚಿ ತೋರಿಸಿಯೇ ತೀರುತ್ತೇನೆ ಎಂದು ಪಣ ತೊಟ್ಟೆ. ಆಕೆಗೆ ದೂರು ಕೇಳುವ ಕಚೇರಿಯಲ್ಲಿ ಕೆಲಸ. ವಾರದ ಆರು ದಿನ ಕಿವಿಗೆ ಫೋನು ಅಂಟಿಸಿಕೊಂಡು ಊರವರ ಬೈಗುಳ ಕೇಳಿ ಕೇಳಿ ಹೈರಾಣಾಗಿದ್ದಳು.

“ಒಂದು ದಿನ, ಒಂದೇ ಒಂದು ದಿನ, ಯಾರೂ ಮಾತಾಡದ ಜಾಗಕ್ಕೆ ಕರ್ಕೊಂಡು ಹೋಗ್ರೀ,” ಅಂದಳು.

ಅಂಥ ಜಾಗ ನನ್ನ ಜೇಬಿನಲ್ಲೇ ಇತ್ತು! ಎಂಟುನೂರು ವರ್ಷಗಳ ಹಿಂದೆ ಮೌನವ್ರತದ ಸನ್ಯಾಸಿಗಳಿದ್ದ ಮಠ. ಅದರ ನಕ್ಷೆಯನ್ನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದೆ. ಎರಡು ಬಸ್ಸು ಬದಲಿಸಿ, ಗುಡ್ಡ ಹತ್ತಿ, ಏದುಸಿರು ಬಿಡುತ್ತಾ ನೋಡಿದರೆ ಮಠವೇ ಇಲ್ಲ! ಬರೀ ಹುಲ್ಲು. ಗೋಡೆಗಳಿದ್ದ ಕಡೆ ಗೂಟ ನೆಟ್ಟು ಹಗ್ಗ ಕಟ್ಟಿದ್ದರು, ಅಷ್ಟೆ.

“ಎಲ್ರೀ ಮಠ?”

“ನೀನು ನಿಂತಿರೋದೇ ಅಡುಗೆಮನೆಯಲ್ಲಿ ಕಣೇ!”

“ಇಲ್ಲೂ ನನ್ನನ್ನ ಅಲ್ಲೇ ನಿಲ್ಲಿಸಿದ್ರಾ?”

ಅಷ್ಟಕ್ಕೇ ಸುಮ್ಮನಾಗಿದ್ದರೆ ಗೆದ್ದಿರುತ್ತಿದ್ದೆ. ಮೌನ ಎಂದರೇನು ಎಂದು ಶುರುಮಾಡಿದವನು ಒಂದೂವರೆ ಗಂಟೆ ನಿಲ್ಲಿಸಲಿಲ್ಲ. ಉಪ್ಪು ಬೇಕಾದರೂ ಸನ್ಯಾಸಿಗಳು ಬಾಯಿ ಬಿಡದೆ ಬೆರಳಾಡಿಸುತ್ತಿದ್ದುದನ್ನು ಏರುದನಿಯಲ್ಲಿ ವಿವರಿಸಿದೆ. ಆಕೆ ಸುಸ್ತಾಗಿ ಹಗ್ಗ ದಾಟಲು ಹೋದರೆ, “ಅಯ್ಯೋ, ಅಲ್ಲಿ ಗೋಡೆ ಇದೆ! ಬಾಗಿಲಿಂದ ಬಾ!” ಎಂದು ಸುತ್ತು ಹಾಕಿಸಿದೆ. ಮೂರು ಸಲ!

ನಾಲ್ಕನೆಯ ಸಲ ಆಕೆಯೇ ಕೇಳಿದಳು, “ಇದ್ಯಾವ ಕೋಣೆ?”

“ಒಬ್ಬರೇ ಕೂತು ಧ್ಯಾನ ಮಾಡೋ ಕೋಣೆ. ಬೇರೆಯವರು ಕಾಲಿಡೋ ಹಾಗಿಲ್ಲ.”

“ಬಾಗಿಲೆಲ್ಲಿ?”

“ಇಗೋ, ಈ ಎರಡು ಗೂಟದ ಮಧ್ಯೆ.”

ಆಕೆ ಒಳಗೆ ಹೋದಳು. ತಿರುಗಿ, ಎರಡೂ ಕೈಯಿಂದ ಗಾಳಿಯನ್ನು ತಳ್ಳಿ, ಚಿಲಕ ಹಾಕಿದಳು. ಹುಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿದಳು.

“ಏನೇ ಇದು?”

ನುಗ್ಗೋಣವೆಂದರೆ ಗೋಡೆ, ಬೆಳಗಿನಿಂದ ಆ ಗೋಡೆ ಕಟ್ಟಿದವನು ನಾನೇ! ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಂತೆ. ಮಗುವಿನ ಕೈ ಹಿಡಿದು ಬಂದ ದಂಪತಿ ಕೇಳಿದರು, “ಯಾಕೆ ಸಾರ್, ಇಲ್ಲಿ ನಿಂತಿದ್ದೀರಾ?”

“ಮನೆಯವರು ಒಳಗಿದ್ದಾರೆ. ಬಾಗಿಲು ಹಾಕಿದೆ.”

ಅವರು ಹುಲ್ಲನ್ನು ನೋಡಿದರು, ನನ್ನನ್ನು ನೋಡಿದರು, ಮಗುವನ್ನು ಎತ್ತಿಕೊಂಡು ಬೇಗ ಬೇಗ ಹೊರಟುಹೋದರು.

ನನ್ನ ಕಾಲು ಸೋತುಬಂತು. ಮಾನ ಮರ್ಯಾದೆ ಬಿಟ್ಟು, ಗಾಳಿಯಲ್ಲಿ ಮೆಲ್ಲಗೆ ಬಾಗಿಲು ತಟ್ಟಿದೆ.

“ಯಾರು?”

“ನಾನು ಕಣೇ. ಕಾಲು ನೋಯ್ತಿದೆ. ಒಳಗೆ ಬರ್ಲಾ?”

ಕಣ್ಣು ತೆರೆಯದೆ, ಕೂತಲ್ಲಿಂದಲೇ ಕೈಚಾಚಿ ಚಿಲಕ ತೆಗೆದಳು.

“ಬನ್ನಿ. ಬಾಯಿ ಮಾತ್ರ ಹೊರಗೇ ಬಿಟ್ಟು ಬನ್ನಿ.”