ಗೋಡೆಯಾಚೆಗೆ ಹೋದ ನಾಲ್ಕನೇ ಪ್ರೆಸ್ಸು

ಸಮಾಜವು ನಮ್ಮ ಕಾರ್ಖಾನೆಯ ಗೇಟಿನ ಹೊರಗಿನಿಂದ ಆರಂಭವಾಗುತ್ತದೆ. ಇದು ನನ್ನ ಸ್ವಂತ ಅಭಿಪ್ರಾಯವಲ್ಲ, ಸಾಮಾಜಿಕ ಹೊಣೆಗಾರಿಕೆ ವಿಭಾಗದ ಕೈಪಿಡಿಯ ಮೂರನೇ ನಿಯಮ. ಎರಡನೇ ನಿಯಮದ ಪ್ರಕಾರ ವಿಭಾಗವು ಸಮಾಜಕ್ಕೆ ಮಾತ್ರ ಒಳಿತು ಮಾಡತಕ್ಕದ್ದು. ಒಂದನೇ ನಿಯಮದ ಪ್ರಕಾರ, ಮಾಡಿದ ಒಳಿತಿನ ಫೋಟೋ ತೆಗೆಯತಕ್ಕದ್ದು. ನಾನು ಈ ವಿಭಾಗದ ಗುಮಾಸ್ತ. ಹನ್ನೊಂದು ವರ್ಷದಿಂದ ಒಳಿತುಗಳಿಗೆ ಕ್ರಮಸಂಖ್ಯೆ ಹಾಕಿ ಕಡತಕ್ಕೆ ಸೇರಿಸುತ್ತಾ ಬಂದಿದ್ದೇನೆ. ಇಲ್ಲಿಯವರೆಗೆ ಒಂದೂ ಕಳೆದುಹೋಗಿಲ್ಲ.

ನಮ್ಮದು ಡಬ್ಬಿಗಳಿಗೆ ಮುಚ್ಚಳ ಮಾಡುವ ಕಾರ್ಖಾನೆ. ಕಳೆದ ವರ್ಷವನ್ನು ಆಡಳಿತ ಮಂಡಳಿಯವರು ಸುರಕ್ಷತಾ ವರ್ಷವೆಂದು ಘೋಷಿಸಿದರು. ಕೂಡಲೇ ನಮ್ಮ ವಿಭಾಗ ಟೊಂಕ ಕಟ್ಟಿ ನಿಂತಿತು. ಪಕ್ಕದ ಬೀದಿಯ ಶಾಲೆಯ ಮಕ್ಕಳಿಗೆಲ್ಲ ಹೆಲ್ಮೆಟ್ ಹಂಚಿದೆವು. ಮಕ್ಕಳು ಅದರಲ್ಲಿ ನೀರು ತುಂಬಿ ಗಿಡಗಳಿಗೆ ಹಾಕಿದ್ದರಿಂದ ಅದನ್ನೇ ಪರಿಸರ ಸಂರಕ್ಷಣೆಯ ಲೆಕ್ಕಕ್ಕೂ ತೋರಿಸಲು ಅನುಕೂಲವಾಯಿತು. ಗೇಟಿನ ಎದುರಿನ ಟೈಲರ್‌ ಅವರ ಹೊಲಿಗೆ ಯಂತ್ರಕ್ಕೆ, ಸೂಜಿ ಬೆರಳಿಗೆ ಚುಚ್ಚದಂತೆ, ಕಬ್ಬಿಣದ ಜಾಲರಿ ಹಾಕಿಸಿದೆವು. ಜಾಲರಿಯ ಒಳಗೆ ಬಟ್ಟೆ ತೂರದ ಕಾರಣ ಅವರೀಗ ಎಲ್ಲವನ್ನೂ ಕೈಯಲ್ಲೇ ಹೊಲಿಯುತ್ತಾರೆ. ಯಂತ್ರದ ಸೂಜಿ ಚುಚ್ಚಿದ ಒಂದು ಪ್ರಕರಣವೂ ಆಮೇಲೆ ವರದಿಯಾಗಿಲ್ಲ.

ಇಂಥ ಸಂಭ್ರಮದ ನಡುವೆ ನಾಲ್ಕನೇ ಪ್ರೆಸ್ಸಿನ ಆಪರೇಟರ್ ನಮ್ಮ ಕಚೇರಿಗೆ ಬಂದ.

ಪ್ರೆಸ್ಸು ಎಂದರೆ ತಗಡಿನ ಮೇಲೆ ದಬ್ಬೆಂದು ಇಳಿದು ಮುಚ್ಚಳ ಕತ್ತರಿಸಿ ಕೊಡುವ ಯಂತ್ರ. ಅದು ಇಳಿಯುವಾಗ ಕೈ ಒಳಗೆ ಹೋಗದಂತೆ ಮುಂದೆ ಒಂದು ಜಾಲರಿ ಇರಬೇಕು. ಅದಕ್ಕೆ ಗಾರ್ಡು ಎನ್ನುತ್ತಾರೆ. ತಗಡಿಗೂ ಬೆರಳಿಗೂ ಇರುವ ವ್ಯತ್ಯಾಸ ಪ್ರೆಸ್ಸಿಗೆ ತಿಳಿಯುವುದಿಲ್ಲ. ಆ ಯಂತ್ರದ ಹಿಂದಿನ ಆಪರೇಟರ್‌ಗೆ ಇದು ಚೆನ್ನಾಗಿ ಗೊತ್ತು. ಅವನು ಒಂದೂವರೆ ಬೆರಳನ್ನು ಅಲ್ಲೇ ಬಿಟ್ಟು ಬಂದು ಈಗ ನಮ್ಮ ಗೇಟು ಕಾಯುತ್ತಾನೆ. ಎಲ್ಲರೂ ಅವನನ್ನು ಎಂಟೂವರೆ ಎಂದೇ ಕರೆಯುವುದು. ಅವನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ, ಯಾರಾದರೂ ಬಾಯಿತಪ್ಪಿ ಎಂಟು ಎಂದರೆ ಮಾತ್ರ ತಿದ್ದುತ್ತಾನೆ.

"ಮೇಡಂ, ನಮ್ಮ ಪ್ರೆಸ್ಸಿನ ಗಾರ್ಡು ಮುರಿದು ಏಳು ತಿಂಗಳಾಯ್ತು," ಅಂದ ಆಪರೇಟರ್. "ಎದುರಿನ ಟೈಲರ್‌ಗೆ ಹಾಕಿಸಿಕೊಟ್ರಲ್ಲ, ಅಂಥದ್ದೇ ಒಂದು ನಮಗೂ ಹಾಕಿಸಿಕೊಡಿ."

ನಮ್ಮ ವಿಭಾಗದ ಮುಖ್ಯಸ್ಥೆಯಾದ ಮೇಡಂ ಬಹಳ ಒಳ್ಳೆಯವರು. ಬೇರೆಯವರ ಕಷ್ಟ ಕೇಳಿದರೆ ಅವರಿಗೆ ಊಟ ಸೇರುವುದಿಲ್ಲ. ಆದ್ದರಿಂದ ಊಟದ ನಂತರವೇ ಕೇಳುತ್ತಾರೆ.

"ನೀನು ಒಳಗಿನವನಾ, ಹೊರಗಿನವನಾ?" ಎಂದು ವಿಚಾರಿಸಿದರು.

"ಒಳಗಿನವನೇ ಮೇಡಂ. ಹದಿನಾಲ್ಕು ವರ್ಷ ಆಯ್ತು."

"ಅದೇ ತೊಂದರೆ ನೋಡು." ಮೇಡಂ ನಿಜವಾಗಿಯೂ ನೊಂದುಕೊಂಡರು. "ಒಳಗಿನವರಿಗೆ ಸುರಕ್ಷತಾ ವಿಭಾಗ ಇದೆಯಲ್ಲಪ್ಪ, ಅಲ್ಲಿ ಕೇಳಿದ್ಯಾ?"

"ಕೇಳ್ದೆ. ಬೋರ್ಡು ಕೊಟ್ರು."

ಸುರಕ್ಷತಾ ವಿಭಾಗದಲ್ಲಿ ಆ ವರ್ಷ ಇದ್ದಬದ್ದ ಹಣವೆಲ್ಲ ಬೋರ್ಡು ಬರೆಸುವುದಕ್ಕೇ ಮುಗಿದುಹೋಗಿತ್ತು. ನಾಲ್ಕನೇ ಪ್ರೆಸ್ಸಿನ ಪಾಲಿಗೆ ಬಂದದ್ದು 'ನಿಮ್ಮ ಕೈ ನಿಮ್ಮ ಆಸ್ತಿ' ಎಂಬ ಬೋರ್ಡು. ಅಕ್ಷರಗಳು ದುಂಡಗಿದ್ದವು.

"ಬೋರ್ಡನ್ನೇ ಗಾರ್ಡಿನ ಜಾಗಕ್ಕೆ ಕಟ್ಕೊಳ್ಳೋಣ ಅಂತ ನೋಡ್ದೆ ಮೇಡಂ. ಅದನ್ನ ಮೇಲೇ ನೇತುಹಾಕ್ಬೇಕಂತೆ. ಕೆಳಗೆ ಕಟ್ಟಿದ್ರೆ ಓದೋಕಾಗಲ್ವಂತೆ."

ಮೇಡಂ ಕೈಪಿಡಿಯನ್ನು ಹಿಂದೆ ಮುಂದೆ ತಿರುವಿಹಾಕಿದರು. ತಟ್ಟನೆ ಅವರ ಮುಖ ಅರಳಿತು. "ಮಧ್ಯಾಹ್ನ ಊಟಕ್ಕೆ ಎಲ್ಲಿ ಕೂತ್ಕೊಳ್ತೀಯ?"

"ಗೇಟಿನ ಹೊರಗೆ, ಮರದ ಕೆಳಗೆ."

"ಹಾಗಾದ್ರೆ ಆ ಅರ್ಧ ಗಂಟೆ ನೀನು ಸಮಾಜ! ಮೊದ್ಲೇ ಹೇಳೋದಲ್ವಾ?"

ಮರುದಿನದಿಂದಲೇ ಕ್ರಮ ಜಾರಿಗೆ ಬಂತು. ಒಂದು ಗಂಟೆಗೆ ಸರಿಯಾಗಿ ಎಂಟೂವರೆ ಗೇಟಿನಲ್ಲಿ ಆಪರೇಟರ್‌ಗೆ ಒಂದು ಜೊತೆ ಚರ್ಮದ ಕೈಗವಸು ಕೊಟ್ಟು ರುಜು ಹಾಕಿಸಿಕೊಳ್ಳುತ್ತಿದ್ದ. ಒಂದೂವರೆಗೆ ವಾಪಸು ಇಸಿದುಕೊಂಡು ಒಳಗೆ ಬಿಡುತ್ತಿದ್ದ. ಕೈಗವಸು ತೊಟ್ಟು ಬುತ್ತಿಯ ಮುಚ್ಚಳ ಬಿಚ್ಚಲಾಗದ್ದರಿಂದ ಅದನ್ನೂ ಎಂಟೂವರೆಯೇ ಬಿಚ್ಚಿಕೊಡುತ್ತಿದ್ದ. ಊಟದ ವಿರಾಮದಲ್ಲಿ ಕೈಗೆ ಆಗುವ ಅಪಘಾತಗಳು ಆ ತಿಂಗಳು ಸೊನ್ನೆಗೆ ಇಳಿದವು. ಹಿಂದಿನ ತಿಂಗಳೂ ಸೊನ್ನೆಯೇ ಇತ್ತು, ಆದರೆ ಅದು ನಮ್ಮ ಸಾಧನೆಯಾಗಿರಲಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ಮಂಗಳವಾರ ನಾಲ್ಕನೇ ಪ್ರೆಸ್ಸು ತನ್ನ ಬುದ್ಧಿ ತೋರಿಸಿತು. ತಗಡು ಇಟ್ಟು ಆಪರೇಟರ್ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಜೋತಾಡುತ್ತಿದ್ದ ಅಂಗಿ ತೋಳಿನ ತುದಿ ಮಾತ್ರ ಒಳಗೇ ಉಳಿಯಿತು. ಕೆಳಗಿಂದ ಬಂದ ಮುಚ್ಚಳದ ನಟ್ಟನಡುವೆ ಬಟ್ಟೆಯ ಚೂರಿನ ಸಮೇತ ಒಂದು ಗುಂಡಿ ಅಚ್ಚಾಗಿ ಕೂತಿತ್ತು. ಗುಣಮಟ್ಟದ ವಿಭಾಗದವರು ಅದನ್ನು ಪರೀಕ್ಷಿಸಿ, ಅಳತೆ ಸರಿಯಿರುವುದರಿಂದ ಪಾಸಾಗಿದೆ ಎಂದು ಮೊಹರು ಒತ್ತಿದರು.

ಮಾರನೆಯ ದಿನ ಆ ಮುಚ್ಚಳ ಹಿಡಿದುಕೊಂಡು ಆಪರೇಟರನ ಹೆಂಡತಿ ಬಂದರು. ಬೀದಿಯ ಕೊನೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿರುವಾಕೆ, ಅಂದರೆ ಅಪ್ಪಟ ಸಮಾಜ. ಮೇಡಂ ಎದ್ದುನಿಂತು ಕುರ್ಚಿ ಕೊಟ್ಟರು, ನೀರು ತರಿಸಿದರು. ಆಕೆ ಕೂರಲೂ ಇಲ್ಲ, ಕುಡಿಯಲೂ ಇಲ್ಲ. ಮುಚ್ಚಳವನ್ನು ಮೇಜಿನ ಮೇಲಿಟ್ಟರು.

"ಈ ಗುಂಡಿ ಹೋದ ವಾರ ನಾನೇ ಹೊಲಿದಿದ್ದು," ಅಂದರು. "ಇಲ್ಲಿಂದ ಬೆರಳಿಗೆ ಎಷ್ಟು ದೂರ ಅಂತ ನೀವೇ ನೋಡ್ಕೊಳ್ಳಿ ಮೇಡಂ."

ನಾನೂ ಮೆಲ್ಲನೆ ನನ್ನ ತೋಳಿನ ಗುಂಡಿ ನೋಡಿಕೊಂಡೆ. ಒಂದು ಗೇಣೂ ಇಲ್ಲ. ಎರಡೂ ತೋಳನ್ನು ಮೊಣಕೈವರೆಗೆ ಮಡಚಿಕೊಂಡೆ. ಅದನ್ನು ನಮೂದಿಸಲು ನಮ್ಮ ಕಡತದಲ್ಲಿ ಯಾವ ಕಾಲಮ್ಮೂ ಇರಲಿಲ್ಲ.

"ನೀವು ಹೊರಗಿನವರು, ನಿಮಗೆ ಏನು ಬೇಕಾದ್ರೂ ಕೊಡಬಹುದಮ್ಮ," ಮೇಡಂ ಮೃದುವಾಗಿ ಹೇಳಿದರು. "ಕೇಳಿ, ಸಂಕೋಚ ಬೇಡ."

"ನನ್ನ ಗಂಡನ ಕೈ ಬೇಕು. ಹತ್ತೂ ಬೆರಳಿನ ಸಮೇತ."

"ಅದು ಈಗಾಗ್ಲೇ ನಿಮ್ಮ ಹತ್ರಾನೇ ಇದೆಯಲ್ಲ?"

"ರಾತ್ರಿ ನಮ್ಮ ಹತ್ರ ಇರುತ್ತೆ. ಬೆಳಿಗ್ಗೆ ಎಂಟಕ್ಕೆ ನಿಮ್ಮ ಹತ್ರ ಬರುತ್ತೆ. ಸಂಜೆ ಅವರು ವಾಪಸ್ ಬಂದಾಗ ನಾನು ಮುಖ ನೋಡೋದಿಲ್ಲ ಮೇಡಂ, ಕೈ ನೋಡ್ತೀನಿ."

ಮೇಡಂ ಕಣ್ಣೊರೆಸಿಕೊಂಡರು. ಗಾರ್ಡನ್ನು ಈಗಿಂದೀಗಲೇ ಹಾಕಿಸುತ್ತಿದ್ದೆ, ಆದರೆ ಹಾಳಾದ ಪ್ರೆಸ್ಸು ಗೋಡೆಯ ಒಳಗಿದೆ, ಮೂರನೇ ನಿಯಮ ಕೈಕಟ್ಟಿದೆ ಎಂದರು. ಆಕೆಯ ಹೊರಹೋಗುವ ರುಜು ಪಡೆಯಲು ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದ ಎಂಟೂವರೆ ಆಗ ಬಾಯಿಬಿಟ್ಟ.

"ಪ್ರೆಸ್ಸು ಹೊರಗೆ ಬರಲ್ಲ ಅಂದ್ರೆ ಗೋಡೇನೇ ಒಳಗೆ ಬರ್ಲಿ ಬಿಡಿ ಮೇಡಂ. ಪ್ರೆಸ್ಸು ಇರೋದು ರಸ್ತೆ ಕಡೆಗೇ. ನಾಲ್ಕು ಹೆಜ್ಜೆ ಅಷ್ಟೆ."

ತಮಾಷೆಗೆ ಅಂದನೋ, ನಿಜಕ್ಕೋ, ಅವನ ಮುಖ ನೋಡಿದರೆ ತಿಳಿಯುವುದಿಲ್ಲ. ಟಿಪ್ಪಣಿ ಬರೆಯುವವನು ನಾನು. ಬರೆದುಬಿಟ್ಟೆ.

ದೊಡ್ಡ ಸಾಹೇಬರು, ಎಂದರೆ ನಮ್ಮ ಕಾರ್ಖಾನೆಯ ಮುಖ್ಯಸ್ಥರು, ಟಿಪ್ಪಣಿಯನ್ನು ಕಾಲು ಗಂಟೆಯಲ್ಲಿ ಮಂಜೂರು ಮಾಡಿದರು. "ಗಾರ್ಡು ಹಾಕಿದ್ರೆ ನಿಯಮಬಾಹಿರ. ಗೋಡೆ ಕಟ್ಟಿದ್ರೆ ಅಭಿವೃದ್ಧಿ," ಎಂದು ನನಗೆ ಬಿಡಿಸಿ ಹೇಳಿದರು. ಸಂಜೆಯೇ ಪ್ರಕಟಣೆ ಹೊರಬಿತ್ತು:

'ಬರುವ ಸೋಮವಾರದಿಂದ ನಾಲ್ಕನೇ ಪ್ರೆಸ್ಸು ಸಮಾಜದಲ್ಲಿ ಇರತಕ್ಕದ್ದು. ಅದರ ಆಪರೇಟರ್ ಕೆಲಸಕ್ಕೆ ಬರುವಾಗ ಒಳಗೆ ಬರತಕ್ಕದ್ದಲ್ಲ. ಶಿಫ್ಟಿನ ಸಮಯ, ಮುಚ್ಚಳಗಳ ಗುರಿ ಹಾಗೂ ಮೇಲ್ವಿಚಾರಕರ ಬೈಗುಳ ಹಿಂದಿನಂತೆಯೇ ಮುಂದುವರಿಯುವುವು.'

ಗಾರೆ ಮೇಸ್ತ್ರಿ ಬಂದು ಪ್ರೆಸ್ಸಿನ ಈಚೆ ದಾರ ಹಿಡಿದ. ಹಳೆಯ ಗೋಡೆ ಒಡೆದ ಇಟ್ಟಿಗೆಯಲ್ಲೇ ಹೊಸ ಗೋಡೆ ಎದ್ದಿತು. ಸೋಮವಾರ ಬೆಳಿಗ್ಗೆ ಪ್ರೆಸ್ಸು ಮತ್ತು ಅದರ ಆಪರೇಟರ್ ಬೀದಿಯಲ್ಲಿದ್ದರು. ಫಲಾನುಭವಿಗಳನ್ನು ಬಹುವಚನದಲ್ಲಿ ಮಾತನಾಡಿಸಬೇಕೆಂಬುದು ಏಳನೇ ನಿಯಮವಾದ್ದರಿಂದ ಅಂದಿನಿಂದ ನಾವೂ ಅವರನ್ನು ಬನ್ನಿ, ಹೋಗಿ ಎನ್ನುತ್ತೇವೆ.

ಹೊಸದಾಗಿ ಹಾಕಿಸಿದ ಗಾರ್ಡಿಗೆ ಕೆಂಪು ಟೇಪು ಕಟ್ಟಿ ದೊಡ್ಡ ಸಾಹೇಬರ ಕೈಯಲ್ಲಿ ಕತ್ತರಿಸಿದ್ದಾಯಿತು. ಫೋಟೋದವನ ಒತ್ತಾಯಕ್ಕೆ ಮೂರು ಸಲ ಕತ್ತರಿಸಿದ್ದಾಯಿತು. ಆಮೇಲೆ ಆಪರೇಟರ್ ಪ್ರೆಸ್ಸು ಚಾಲೂ ಮಾಡಿ ಕೈ ಮುಂದೆ ನೀಡಿದರು. ಗಾರ್ಡು ತಡೆಯಿತು. ನಂಬಿಕೆ ಬಾರದೆ ಇನ್ನೊಮ್ಮೆ ನೀಡಿದರು, ಮತ್ತೆ ತಡೆಯಿತು. ಅವರ ಹೆಂಡತಿ ಅಂಗಡಿಯ ಮುಂದೆ ನಿಂತು ಇದನ್ನೇ ನೋಡುತ್ತಾ ಇಸ್ತ್ರಿ ಪೆಟ್ಟಿಗೆಯನ್ನು ಯಾರದೋ ಪ್ಯಾಂಟಿನ ಮೇಲೆ ಮರೆತುಬಿಟ್ಟಿದ್ದರು. ಪ್ಯಾಂಟು ದೊಡ್ಡ ಸಾಹೇಬರದೆಂದು ಮಧ್ಯಾಹ್ನ ಗೊತ್ತಾಯಿತು. ನನಗಂತೂ ಅಂದು ತುಂಬಾ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಹೊರಗಿನ ಬದುಕಿನಲ್ಲಿ ಸಣ್ಣಪುಟ್ಟ ತೊಡಕುಗಳಿಲ್ಲದಿರಲಿಲ್ಲ. ತಗಡನ್ನು ಗೋಡೆಯ ಕಿಂಡಿಯಿಂದ ಕೊಡಬೇಕಿತ್ತು, ಮುಚ್ಚಳವನ್ನು ಕಿಂಡಿಯಿಂದಲೇ ಪಡೆಯಬೇಕಿತ್ತು. ಮೇಲೆ ಶೀಟು ಹೊದಿಸಿ ಅದನ್ನು ಸಾರ್ವಜನಿಕ ನೆರಳು ಎಂದು ಉದ್ಘಾಟಿಸಿದೆವು. ಸದ್ದಿಗೆ ಬೀದಿಯವರು ತಕರಾರು ತೆಗೆದಾಗ ಮನೆಮನೆಗೆ ಹತ್ತಿ ಹಂಚಿದೆವು. ಅದರಿಂದಲೇ ಇನ್ನೂರ ಹನ್ನೆರಡು ಹೊಸ ಫಲಾನುಭವಿಗಳು ಸಿಕ್ಕರು. ಶೌಚಾಲಯ ಒಳಗಿದ್ದ ಕಾರಣ ಆಪರೇಟರ್ ಪ್ರತಿಸಲವೂ ಎಂಟೂವರೆಯ ಬಳಿ ಸಂದರ್ಶಕರ ಚೀಟಿ ಪಡೆಯಬೇಕಿತ್ತು. 'ಭೇಟಿಯ ಉದ್ದೇಶ' ಎಂಬಲ್ಲಿ ಅವರು 'ವೈಯಕ್ತಿಕ' ಎಂದು ಬರೆಯುತ್ತಿದ್ದರು. 'ಯಾರನ್ನು ಭೇಟಿಯಾಗಬೇಕು' ಎಂಬಲ್ಲಿ ಗೆರೆ ಎಳೆಯುತ್ತಿದ್ದರು.

ಆದರೂ ಗಾರ್ಡು ಗಾರ್ಡೇ. ಮೂರೇ ವಾರದಲ್ಲಿ ಐದನೇ ಪ್ರೆಸ್ಸಿನವನು ಅರ್ಜಿ ತಂದ. "ಅವರೊಬ್ರೇ ಏನು ಪುಣ್ಯ ಮಾಡಿದ್ರು ಸಾರ್? ನಮ್ಮನ್ನೂ ಹೊರಗೆ ಹಾಕಿ!" ಮರುದಿನ ಇಡೀ ಶಿಫ್ಟು ಅಂಗಳದಲ್ಲಿ ಕುಳಿತು ಅದನ್ನೇ ಕೂಗಿತು. ಕಾರ್ಮಿಕರು ತಮ್ಮನ್ನು ಹೊರಗೆ ಹಾಕಿ ಎಂದು ಮುಷ್ಕರ ಹೂಡಿದ್ದನ್ನು ನಾನಂತೂ ಮೊದಲ ಸಲ ಕಂಡೆ. ಇಷ್ಟು ಸಲೀಸಾದ ಬೇಡಿಕೆ ಆಡಳಿತ ಮಂಡಳಿಗೆ ಹಿಂದೆಂದೂ ಬಂದಿರಲಿಲ್ಲ. ಗಾರೆ ಮೇಸ್ತ್ರಿಯನ್ನು ಕಾಯಂ ಮಾಡಿಕೊಂಡರು. ಗೋಡೆ ತಿಂಗಳಿಗೊಮ್ಮೆ ನಾಲ್ಕು ಹೆಜ್ಜೆ ಒಳಗೆ ಸರಿಯಿತು. ವರ್ಷ ಮುಗಿಯುವಷ್ಟರಲ್ಲಿ ಒಂಬತ್ತು ಪ್ರೆಸ್ಸು, ತಗಡು ಕತ್ತರಿಸುವ ಯಂತ್ರ, ಮುಚ್ಚಳ ಕಟ್ಟುವ ಹೆಂಗಸರು, ಕೊನೆಗೆ ಶೌಚಾಲಯ ಕೂಡ ಸಮಾಜಕ್ಕೆ ಸೇರಿದವು.

ಒಳಗೆ ಉಳಿದದ್ದು ದೊಡ್ಡ ಸಾಹೇಬರು, ಮೇಡಂ, ನಾನು, ಸುರಕ್ಷತಾ ವಿಭಾಗದವರು ಮತ್ತು ಅವರ ಬೋರ್ಡುಗಳು. ಎಂಟೂವರೆ ಗೇಟಿನಲ್ಲಿ ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟು ಕೂರುವುದರಿಂದ ಅವನನ್ನು ಯಾವ ಕಡೆಗೆ ಸೇರಿಸಬೇಕೆಂಬ ಕಡತ ಇನ್ನೂ ನನ್ನ ಮೇಜಿನ ಮೇಲಿದೆ. ಸುರಕ್ಷತಾ ಪ್ರಶಸ್ತಿ ಕೊಡುವ ಸಮಿತಿಯವರು ತಪಾಸಣೆಗೆ ಬಂದು ಗೋಡೆಯ ಒಳಗನ್ನೆಲ್ಲ ಸುತ್ತಿ ನೋಡಿದರು. ಸುತ್ತಲು ಎರಡು ನಿಮಿಷ ಸಾಕಾಯಿತು. 'ಕಾರ್ಖಾನೆಯ ಒಳಗೆ ಅಪಘಾತಕ್ಕೆ ಆಸ್ಪದವೇ ಇಲ್ಲ' ಎಂದು ಬರೆದು ಕೈಕುಲುಕಿ ಹೋದರು. ಫಲಕ ಬಂತು.

ಈ ಗೌರವಕ್ಕೆಲ್ಲ ಮೂಲ ನಾಲ್ಕನೇ ಪ್ರೆಸ್ಸಿನ ಆಪರೇಟರ್ ಎಂಬುದನ್ನು ದೊಡ್ಡ ಸಾಹೇಬರು ಮರೆಯಲಿಲ್ಲ. ಅವರನ್ನು ಮೇಲ್ವಿಚಾರಕರನ್ನಾಗಿ ಬಡ್ತಿ ಕೊಟ್ಟು ಒಳಗೆ ಕರೆಸಿಕೊಳ್ಳಲು ಆದೇಶವಾಯಿತು. ಪತ್ರ ಹಿಡಿದು ನಾನೇ ಹೋದೆ. ಊಟದ ಹೊತ್ತು. ಗಂಡ ಹೆಂಡತಿ ಇಬ್ಬರೂ ಸಾರ್ವಜನಿಕ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದ್ದರು.

ಆಪರೇಟರ್ ಪತ್ರವನ್ನು ಎರಡು ಸಲ ಓದಿದರು. "ಒಳಗಾ ಸಾರ್?"

"ಒಳಗೇ. ಕುರ್ಚಿ, ಮೇಜು, ತಲೆ ಮೇಲೆ ಫ್ಯಾನು. ಅದೃಷ್ಟ ಖುಲಾಯಿಸಿತು ನಿಮ್ಮದು."

"ಫ್ಯಾನಿನ ಬೋಲ್ಟು ಗಟ್ಟಿ ಇದೆಯಾ?" ಕೇಳಿದ್ದು ಹೆಂಡತಿ.

ಹನ್ನೊಂದು ವರ್ಷದಲ್ಲಿ ನಾನು ತಲೆಯೆತ್ತಿ ನೋಡಿದವನೇ ಅಲ್ಲ. "ಅದು ಸುರಕ್ಷತಾ ವಿಭಾಗದವರ ಕೆಲಸ," ಅಂದೆ.

ಆಕೆ ಗಂಡನ ಮುಖ ನೋಡಿದರು. ಗಂಡ ಪತ್ರವನ್ನು ಮಡಚಿದ್ದಲ್ಲೇ ಮಡಚಿ ನನ್ನ ಕೈಗೆ ವಾಪಸಿಟ್ಟರು.

"ಬೇಡ ಸಾರ್, ತಪ್ಪು ತಿಳ್ಕೋಬೇಡಿ. ಒಳಗಿದ್ದ ಹದಿನಾಲ್ಕು ವರ್ಷ ಕಂಪನಿ ನಮ್ಮ ಕಡೆ ತಿರುಗಿ ನೋಡ್ಲಿಲ್ಲ. ಹೊರಗೆ ಬಂದ್ಮೇಲೆ ಎಷ್ಟು ಚೆನ್ನಾಗಿ ನೋಡ್ಕೊಳ್ತಿದೆ! ಇನ್ನು ಒಳಗೆ ಬಂದು ಆ ಪ್ರೀತಿ ಯಾಕೆ ಕಳ್ಕೊಳ್ಳಲಿ?"

"ಹಾಗೇ ಹೇಳಿ ಅವರಿಗೆ," ಅಂದರು ಹೆಂಡತಿ. "ಪ್ಯಾಂಟಿನ ವಿಷಯಕ್ಕೆ ನಾನು ಕ್ಷಮೆ ಕೇಳ್ದೆ ಅಂತಾನೂ ಹೇಳಿ."

ಫ್ಯಾನಿನ ಬೋಲ್ಟಿನ ಪ್ರಶ್ನೆಯನ್ನೂ ಸೇರಿಸಿ ಎಲ್ಲವನ್ನೂ ಹಾಗೆಯೇ ಒಪ್ಪಿಸಿದೆ. ದೊಡ್ಡ ಸಾಹೇಬರಿಗೆ ಕೋಪ ಬರಲಿಲ್ಲ. ಪತ್ರ ಪಕ್ಕಕ್ಕಿಟ್ಟು ಬಹಳ ಹೊತ್ತು ತಮ್ಮ ತಲೆಯ ಮೇಲಿನ ಚಾವಣಿಯನ್ನೇ ನೋಡುತ್ತಾ ಕುಳಿತರು. ಮೇಡಂ ಕುರ್ಚಿಯನ್ನು ಗೋಡೆಯ ಪಕ್ಕಕ್ಕೆ ಎಳೆದುಕೊಂಡರು. ನಾನು ನನ್ನ ಜಾಗಕ್ಕೆ ಬಂದು ಮೊದಲ ಬಾರಿಗೆ ತಲೆಯೆತ್ತಿದೆ. ಮೂರು ಬೋಲ್ಟು ಇರಬೇಕಾದಲ್ಲಿ ಒಂದು ಇತ್ತು. ಫ್ಯಾನು ಪ್ರತಿ ಸುತ್ತಿಗೂ ನನ್ನ ಕಡೆಗೊಮ್ಮೆ ತಲೆದೂಗುತ್ತಿತ್ತು.

ಸಂಜೆ ಮನೆಗೆ ಹೊರಟಾಗ ಗಾರೆ ಮೇಸ್ತ್ರಿ ಗೋಡೆಯ ಬುಡದಲ್ಲಿ ದಾರ ಸುತ್ತುತ್ತಿದ್ದ. ಆಚೀಚೆ ಯಾರೂ ಇಲ್ಲದ್ದು ನೋಡಿ ಹತ್ತಿರ ಹೋದೆ.

"ಮೇಸ್ತ್ರಿ, ಮುಂದಿನ ಗೋಡೆ ಕಟ್ಟುವಾಗ ನನ್ನ ಮೇಜು ಹೊರಗೆ ಬರೋ ಹಾಗೆ ಏನಾದ್ರೂ ನೋಡೋಕಾಗುತ್ತಾ?"

"ಸರದಿ ಇದೆ ಸಾರ್," ಅಂದ ಅವನು ತಲೆಯೆತ್ತದೆ. "ಮಧ್ಯಾಹ್ನ ಮೇಡಂ ಹೇಳಿ ಹೋದ್ರು. ಅವರಿಗಿಂತ ಮುಂಚೆ ದೊಡ್ಡ ಸಾಹೇಬರು."