ಮೀನಿಗಿಂತ ಮೊದಲು ಬಂದ ಕಾಫಿ

"ಈ ಸಲ ಸಂತ ನಿಕೋಲನ ದಿನ ಇಡೀ ಬೆಲ್ಗ್ರೇಡ್ ಕತ್ತಲಲ್ಲಿ ಮುಳುಗಿದ್ರೂ ನಮ್ಮನೆ ದೀಪ ಆರಲ್ಲ. ಬೇಕಾದ್ರೆ ಬರೆದಿಟ್ಕೋ" ಎಂದು ತಿಹೊಮಿರ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದ.

ಅವನ ಹೆಂಡತಿ ದೆಸಾಂಕಾ ಬರೆದಿಟ್ಟುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಹಬ್ಬದ ರೊಟ್ಟಿಗೆ ಹಿಟ್ಟು ನಾದುತ್ತ ಮೊಣಕೈವರೆಗೆ ಬೆಳ್ಳಗಾಗಿದ್ದಳು.

"ಹೋದ ವರ್ಷವೂ ಹೀಗೇ ಅಂದಿದ್ದೆ. ಆಮೇಲೆ ಕತ್ತಲಲ್ಲಿ ಮುಳ್ಳು ಯಾವುದು, ಮೀನು ಯಾವುದು ಅಂತ ತಡಕಾಡ್ಕೊಂಡು ಊಟ ಮಾಡಿದ್ವಿ."

"ಹೋದ ವರ್ಷ ನನ್ನ ಹತ್ರ ಇವು ಎಲ್ಲಿದ್ವು?"

ಇವು ಎಂದರೆ ಎರಡು ಬೂದುಬಣ್ಣದ ಪೆಟ್ಟಿಗೆಗಳು. ಮುದಿಯಾದ ಬಸ್ಸೊಂದರಿಂದ ಕಳಚಿ ಗುಜರಿಗೆ ಬಿದ್ದಿದ್ದವನ್ನು ತಿಹೊಮಿರ್ ಹುಡುಕಿ ತಂದು, ತೊಳೆದು, ಒರೆಸಿ, ಉಗ್ರಾಣದಲ್ಲಿ ಉಪ್ಪಿನ ಎಲೆಕೋಸಿನ ಪೀಪಾಯಿಯ ಪಕ್ಕ ಗೌರವದಿಂದ ಕೂರಿಸಿದ್ದ. ಕಂಡವರಿಗೆ ಅವು ಹಳೆಯ ಸೂಟ್‌ಕೇಸುಗಳು. ತಿಹೊಮಿರನಿಗೆ ಅವು ಮನುಷ್ಯಕುಲದ ಭವಿಷ್ಯ. ಕರೆಂಟನ್ನು ಕೂಡಿಟ್ಟು ಕೊಡುವ ಅವುಗಳ ಹೆಸರು ಸೂಪರ್‌ಕೆಪಾಸಿಟರ್.

ಅವನನ್ನು ತಪ್ಪು ಎನ್ನುವಂತೆಯೂ ಇರಲಿಲ್ಲ. ಅವನು ಓಡಿಸುತ್ತಿದ್ದ ಬಸ್ಸಿಗೆ ಬ್ಯಾಟರಿಯೇ ಇರಲಿಲ್ಲ, ಇದ್ದದ್ದು ಇಂಥ ಪೆಟ್ಟಿಗೆಗಳು ಮಾತ್ರ. ಕೊನೆಯ ನಿಲ್ದಾಣಕ್ಕೆ ಬಂದು ನಿಂತರೆ ಬಸ್ಸು ನೆತ್ತಿಯ ಮೇಲಿನ ಕೈ ಎತ್ತಿ ಕರೆಂಟಿನ ಕಂಬ ಹಿಡಿಯುತ್ತಿತ್ತು. ತಿಹೊಮಿರ್ ಕೆಳಗಿಳಿದು ಒಂದು ಸಿಗರೇಟು ಮುಗಿಸುವಷ್ಟರಲ್ಲಿ ಅದರ ಹೊಟ್ಟೆ ತುಂಬಿರುತ್ತಿತ್ತು. ಬ್ಯಾಟರಿಯಾಗಿದ್ದರೆ ರಾತ್ರಿಯಿಡೀ ಕೂತು ಉಣ್ಣಬೇಕು. ಇದಕ್ಕೆ ಚಳಿಯ ಭಯವಿಲ್ಲ, ಲಕ್ಷಾಂತರ ಸಲ ತುಂಬಿ ಬರಿದಾದರೂ ಮುಪ್ಪಿಲ್ಲ. ಬ್ರೇಕು ಒತ್ತಿದರೆ ಹಾಳಾಗಿ ಹೋಗುವ ಶಕ್ತಿಯನ್ನೂ ತಟ್ಟನೆ ನುಂಗಿ ಮುಂದಿನ ಏರಿನಲ್ಲಿ ಹಿಂದಿರುಗಿಸುತ್ತದೆ. ಅದನ್ನು ಓಡಿಸುವಾಗಲೆಲ್ಲ ತಿಹೊಮಿರನ ಎದೆ ಹಿಗ್ಗುತ್ತಿತ್ತು. ಈ ಹಿಗ್ಗನ್ನು ಅವನು ಊಟದ ಮೇಜಿನಲ್ಲೂ ಕ್ಷೌರದಂಗಡಿಯಲ್ಲೂ ಒಮ್ಮೆ ಹಲ್ಲು ಕೀಳಿಸಿಕೊಳ್ಳುವಾಗ ಬಾಯಿ ತೆರೆದುಕೊಂಡೇ ಡಾಕ್ಟರ ಮುಂದೂ ಹಂಚಿಕೊಂಡಿದ್ದ.

ಹಂಚಿಕೊಳ್ಳಬಾರದ ಒಂದೇ ಒಂದು ಜಾಗದಲ್ಲೂ ಹಂಚಿಕೊಂಡಿದ್ದ. ಅಲ್ಲೇ ಎಡವಟ್ಟಾದದ್ದು.

ಜಿವಾದಿನ್ ಅವನ ಕೂಮ. ಎಂದರೆ ಅವನ ಮದುವೆಗೆ ಸಾಕ್ಷಿ ನಿಂತವನು, ಅವನ ಮಗಳ ನಾಮಕರಣದಲ್ಲಿ ಕೂಸನ್ನು ಕೈಯಲ್ಲಿ ಹಿಡಿದವನು. ಒಡಹುಟ್ಟಿದವನ ಜೊತೆ ಜಗಳವಾಡಬಹುದು, ಕೂಮನ ಜೊತೆ ಆಡುವಂತಿಲ್ಲ. ಆ ಜಿವಾದಿನನ ಕಸುಬು ಬ್ಯಾಟರಿ ಮಾರುವುದು. ಎರಡು ವರ್ಷದ ಹಿಂದೆ ಅವನ ಮನೆಯಲ್ಲೇ, ಅವನದೇ ರಾಕಿಯಾ ಸಾರಾಯಿ ತುಂಬಿದ ಲೋಟ ಎತ್ತಿ ಹಿಡಿದು ತಿಹೊಮಿರ್ ಹೇಳಿದ್ದ: "ಕೂಮ, ನಿನ್ನ ಅಂಗಡಿ ಇನ್ನು ಹತ್ತು ವರ್ಷ ನಡೆದ್ರೆ ಹೆಚ್ಚು. ಆಮೇಲೆ ಬ್ಯಾಟರಿ ನೋಡ್ಬೇಕಂದ್ರೆ ಮಕ್ಕಳನ್ನ ಮ್ಯೂಸಿಯಮ್ಮಿಗೆ ಕರ್ಕೊಂಡು ಹೋಗ್ಬೇಕು."

ಜಿವಾದಿನ್ ಅವತ್ತೇ ಮುನಿಸಿಕೊಂಡ. ಎರಡು ಸಂತ ನಿಕೋಲ ಬಂದು ಹೋದರೂ ತಿಹೊಮಿರನ ಮನೆಯ ಮೆಟ್ಟಿಲು ತುಳಿಯಲಿಲ್ಲ. ಹೋಗಿ ಕರೆಯೋಣವೆಂದರೆ ಅದಕ್ಕೂ ದಾರಿಯಿಲ್ಲ. ಮನೆತನದ ಸಂತನ ಹಬ್ಬಕ್ಕೆ ಯಾರನ್ನೂ ಕರೆಯುವ ರೂಢಿಯಿಲ್ಲ. ನೆನಪಿದ್ದವರು, ಮನಸ್ಸಿದ್ದವರು ತಾವೇ ಬರಬೇಕು. ಬರದಿದ್ದರೆ ಅದೇ ಉತ್ತರ.

ದೆಸಾಂಕಾ ಒಳಗೊಳಗೇ ಬೆಂದುಹೋಗಿದ್ದಳು. ಹೆಂಡತಿ ತೀರಿಕೊಂಡ ಮೇಲೆ ಜಿವಾದಿನನಿಗೆ ಇದ್ದದ್ದು ಇದೊಂದೇ ಮನೆ. ಮೊನ್ನೆ ಸಂತೆಯಲ್ಲಿ ಸಿಕ್ಕಾಗ ಅವಳು ಹಬ್ಬದ ಮಾತೆತ್ತದೆ, ಮೀನಿನ ಬುಟ್ಟಿ ನೋಡುತ್ತ, "ಈ ಸಲ ಮೀನು ಚೆನ್ನಾಗಿ ಬಂದಿದೆ ಕೂಮ" ಎಂದಷ್ಟೇ ಅಂದಳು. ಅವನೂ ಮೀನು ನೋಡುತ್ತ, "ಬಂದಿರಬೇಕು" ಎಂದ. ಅಷ್ಟಕ್ಕೇ ಅವಳು ಎರಡು ಕಿಲೋ ಹೆಚ್ಚು ಕೊಂಡು ಬಂದಿದ್ದಳು.

"ನೋಡು ತಿಹೋ, ಕೂಮ ಬಂದ್ರೆ ನೀನು ಬ್ಯಾಟರಿ ಅನ್ನೋ ಮಾತೇ ಎತ್ತಬಾರದು. ಆ ಪೆಟ್ಟಿಗೆ ವಿಷಯವೂ ಬೇಡ" ಎಂದಳು ಈಗ, ಹಿಟ್ಟಿನ ಬೆರಳನ್ನು ಅವನ ಮೂಗಿನ ನೇರಕ್ಕೆ ಹಿಡಿದು.

"ಎತ್ತಲ್ಲ."

"ಆಣೆ?"

"ಸಂತ ನಿಕೋಲನಾಣೆ. ಬಾಯಿಗೆ ಬೀಗ."

ಹಬ್ಬದ ದಿನ ಬೆಳಗಿನಿಂದ ಹಿಮ ಸುರಿಯಿತು. ಮಧ್ಯಾಹ್ನ ತಿಹೊಮಿರ್ ಪೆಟ್ಟಿಗೆಗಳನ್ನು ಮನೆಯ ದೀಪಗಳ ತಂತಿಗೆ ಜೋಡಿಸಿ ತುಂಬಿಸಿದ. ಕೊಡಕ್ಕೆ ನಲ್ಲಿ ಬಿಟ್ಟಷ್ಟೇ ಹೊತ್ತು, ತುಂಬಿಯೇಬಿಟ್ಟವು. ಬಂದವರೆಲ್ಲ ಗೋಧಿ ಪಾಯಸದ ಒಂದು ಚಮಚ ತಿಂದು, ಒಂದು ಲೋಟ ಕುಡಿದು, ಉಂಡು, ಬೀದಿಯ ತುಂಬ ಇದೇ ಸಂತನ ಹಬ್ಬವಿದ್ದ ಬೇರೆ ಮನೆಗಳಿಗೆ ಹೊರಟುಹೋದರು. ದೆಸಾಂಕಾ ಪ್ರತಿ ಸಲ ಗೇಟು ಕಿರುಗುಟ್ಟಿದಾಗಲೂ ಕಿಟಕಿಯ ಪರದೆ ಸರಿಸಿದಳು.

ಸಂಜೆ ಕತ್ತಲಾಗುತ್ತಿದ್ದಂತೆ ಹಳೆಯ ವ್ಯಾನೊಂದು ಏರು ಹತ್ತಿ ಬಂತು. ಅದರ ಮೈಮೇಲೆ ದಪ್ಪಕ್ಷರದಲ್ಲಿ 'ಜಿವಾದಿನ್ ಬ್ಯಾಟರಿಗಳು, ಯಾವ ಚಳಿಗೂ ಜಗ್ಗುವುದಿಲ್ಲ' ಎಂದು ಬರೆದಿತ್ತು. ಕೂಮ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ. ತಿಹೊಮಿರ್ ಅವನನ್ನು ಮೂರು ಸಲ ಅಪ್ಪಿ ಮುತ್ತಿಟ್ಟ. ಇಬ್ಬರೂ ಮೂಗು ಒರೆಸಿಕೊಂಡು ಚಳಿಯ ಮೇಲೆ ತಪ್ಪು ಹೊರಿಸಿದರು.

ಕೂಮ ಪಾಯಸ ತಿಂದ, ಮೊದಲ ಲೋಟ ಇಳಿಸಿದ, ಮೇಜಿನ ತುದಿಯ ಮುಖ್ಯ ಕುರ್ಚಿಯಲ್ಲಿ ಕೂತ. ಕರೆಂಟಿನ ಒಲೆಯಲ್ಲಿ ಮೀನು ಇನ್ನೇನು ಕೆಂಪಾಗಬೇಕು, ಆಗ ಕರೆಂಟು ಹೋಯಿತು.

ಇಡೀ ಬೀದಿ ಕಪ್ಪಾಯಿತು. ಆದರೆ ತಿಹೊಮಿರನ ಮನೆಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ದೀಪಗಳು ಮತ್ತೆ ಹತ್ತಿಕೊಂಡವು. ಜಿವಾದಿನ್ ತಲೆಯೆತ್ತಿ ದೀಪ ನೋಡಿದ. ತಿಹೊಮಿರ್ ಹೆಂಡತಿಯನ್ನು ನೋಡಿದ. ದೆಸಾಂಕಾ ನೋಡಿದ ನೋಟಕ್ಕೆ ಅವನ ಮಾತು ಹಲ್ಲಿನ ಹಿಂದೆಯೇ ಕೂತಿತು.

"ಒಲೆ ಆರಿಹೋಯ್ತು. ಮೀನನ್ನ ಪಕ್ಕದ ಸ್ತಮೆಂಕಾ ಮನೆಯ ಸೌದೆ ಒಲೆಯಲ್ಲಿ ಮುಗಿಸ್ಕೊಂಡು ಬರ್ತೀನಿ. ನೀವು ಕೂತಿರಿ ಕೂಮ" ಎಂದು ಅವಳು ತಟ್ಟೆ ಹೊತ್ತು ಹೋದಳು.

ಗಂಡಸರಿಬ್ಬರೂ ಕೂತರು. ಹಿಮದ ಮಾತಾಯಿತು, ಕೂಮನ ಮಂಡಿನೋವಿನ ಮಾತಾಯಿತು. ಜಿವಾದಿನನ ಕಣ್ಣು ಮಾತ್ರ ಮತ್ತೆ ಮತ್ತೆ ದೀಪದ ಕಡೆ ಹೋಗುತ್ತಿತ್ತು.

"ಎಲ್ಲರ ಮನೆಯಲ್ಲೂ ಹೋಗಿದೆ, ನಿನ್ನ ಮನೆಯಲ್ಲಿದೆ" ಎಂದ ಕೊನೆಗೆ.

"ಇದೆ" ಎಂದ ತಿಹೊಮಿರ್. ಆ ಒಂದು ಪದದ ಹಿಂದೆ ಒಂದು ಗಂಟೆಯ ಭಾಷಣ ನೂಕಾಡುತ್ತಿತ್ತು. ನಾಲಿಗೆ ತುರಿಸಿತು, ಕಾಲು ತುರಿಸಿತು, ಕೂತಲ್ಲಿ ಕೂರಲಾಗಲಿಲ್ಲ. ಆಗ ಅವನಿಗೊಂದು ದಿವ್ಯವಾದ ಉಪಾಯ ಹೊಳೆಯಿತು. ದೆಸಾಂಕಾ ಮಾತಾಡಬೇಡ ಎಂದಿದ್ದಳು. ಕಾಫಿ ಮಾಡಬೇಡ ಎಂದಿರಲಿಲ್ಲ.

ಅವನು ಉಗ್ರಾಣಕ್ಕೆ ಹೋಗಿ ಕರೆಂಟಿನ ಪುಟ್ಟ ಒಲೆಯ ತಂತಿಯನ್ನು ಪೆಟ್ಟಿಗೆಗೆ ಸಿಕ್ಕಿಸಿದ. ಏನು ರಭಸ ಅದರದು. ತಂತಿಸುರುಳಿ ನೋಡನೋಡುತ್ತ ಕೆಂಡವಾಯಿತು, ಕಾಫಿಪಾತ್ರೆಯಲ್ಲಿ ನೊರೆ ಉಕ್ಕಿತು. ಎರಡು ಬಟ್ಟಲು ತುಂಬಿ, ತಟ್ಟೆಯ ಮೇಲಿಟ್ಟು, ಮಾತಿಲ್ಲದೆ, ಅರಮನೆಯ ಸೇವಕನ ಗತ್ತಿನಲ್ಲಿ ನಡೆದುಬಂದು ಕೂಮನ ಮುಂದಿಟ್ಟ. ಬಟ್ಟಲು ಮೇಜಿಗೆ ತಾಗಿದ ಕ್ಷಣಕ್ಕೇ ಮನೆಯ ದೀಪಗಳೆಲ್ಲ ಆರಿಹೋದವು.

ಬರೀ ದೀಪಗಳಿಗೆ ಬಿಟ್ಟಿದ್ದರೆ ಪೆಟ್ಟಿಗೆಗಳು ಊಟ ಮುಗಿಯುವವರೆಗೂ ನಡೆಸಿಕೊಡುತ್ತಿದ್ದವು. ಅವು ಕೊಡುವುದರಲ್ಲಿ ಕರ್ಣರು, ಆದರೆ ಕೂಡಿಟ್ಟುಕೊಳ್ಳುವ ಹೊಟ್ಟೆ ಚಿಕ್ಕದು. ತಿಹೊಮಿರ್ ಕಾಫಿಗೆಂದು ಕೇಳಿದ, ಇದ್ದದ್ದನ್ನೆಲ್ಲ ಕಾಫಿಗೇ ಸುರಿದುಬಿಟ್ಟವು.

ಉಳಿದದ್ದು ಸಂತನ ಮುಂದಿನ ಮೇಣದಬತ್ತಿಯ ಬೆಳಕು. ಆ ಬೆಳಕಿನಲ್ಲಿ ಜಿವಾದಿನ್ ಬಟ್ಟಲನ್ನೇ ನೋಡುತ್ತ ಕೂತಿದ್ದ. ಅವನ ಮುಖ ನೋಡಿದ ಮೇಲೆ ತಿಹೊಮಿರನಿಗೆ ತಾನೇನು ಮಾಡಿದೆನೆಂದು ಹೊಳೆಯಿತು. ಹಬ್ಬದ ಮನೆಯಲ್ಲಿ ಕಾಫಿ ಬರುವುದು ಎಲ್ಲಕ್ಕಿಂತ ಕೊನೆಗೆ. ಅತಿಥಿಗೆ ಬಾಯಿಬಿಟ್ಟು 'ಹೊರಡು' ಎನ್ನುವಂತಿಲ್ಲವಲ್ಲ, ಅದಕ್ಕಾಗಿ ಅಜ್ಜಂದಿರು ಕಂಡುಕೊಂಡ ಸಭ್ಯ ದಾರಿ ಅದು. ಕಾಫಿ ಬಂತೆಂದರೆ ಎದ್ದೇಳಬೇಕು. ಎರಡು ವರ್ಷದ ಮುನಿಸು ನುಂಗಿಕೊಂಡು ಬಂದ ಕೂಮನಿಗೆ ಅವನು ಮೀನಿಗಿಂತ ಮೊದಲು ಕಾಫಿ ಕೊಟ್ಟು, ಸಾಲದ್ದಕ್ಕೆ ದೀಪವನ್ನೂ ಆರಿಸಿದ್ದ.

ಜಿವಾದಿನ್ ಬಟ್ಟಲನ್ನು ಒಂದೇ ಗುಟುಕಿಗೆ ಖಾಲಿ ಮಾಡಿ ಎದ್ದ. "ಅರ್ಥವಾಯ್ತು" ಎಂದ.

"ಕೂಮ, ಹಾಗಲ್ಲ, ಅದು..."

"ಬಿಸಿಯಾಗಿತ್ತು. ಚೆನ್ನಾಗಿತ್ತು" ಎಂದು ಟೋಪಿ ಹಾಕಿಕೊಂಡು ಹೊರಗೆ ನಡೆದ.

ತಿಹೊಮಿರ್ ಚಪ್ಪಲಿಯಲ್ಲೇ ಹಿಮಕ್ಕೆ ಓಡಿದ. ಅಷ್ಟರಲ್ಲಿ ಜಿವಾದಿನ್ ವ್ಯಾನಿನಲ್ಲಿ ಕೂತು ಬೀಗದ ಕೈ ತಿರುಗಿಸಿದ್ದ. ವ್ಯಾನು ಒಮ್ಮೆ ನರಳಿತು, ಒಮ್ಮೆ ಟಕ್ ಎಂದಿತು, ಸುಮ್ಮನಾಯಿತು. ಅಂಗಡಿಯ ಹೊಸ ಬ್ಯಾಟರಿಗಳನ್ನೆಲ್ಲ ಗಿರಾಕಿಗಳಿಗೆ ಕೊಟ್ಟು ತನ್ನ ವ್ಯಾನಿಗೆ ಅವರು ಬಿಟ್ಟುಹೋದ ಹಳತನ್ನು ಹಾಕಿಕೊಳ್ಳುವುದು ಅವನ ಅಭ್ಯಾಸ.

ತಿಹೊಮಿರ್ ವ್ಯಾನಿನ ಮೈಮೇಲಿನ ದಪ್ಪಕ್ಷರಗಳನ್ನು ಓದಿದ. ಎರಡು ವರ್ಷ ಕಾದರೂ ಸಿಗದ ಘಳಿಗೆ. ಹೇಳಬಹುದಾದ ಹತ್ತಾರು ಮಾತುಗಳು ಗಂಟಲಿಗೆ ಬಂದು ಸಾಲಾಗಿ ನಿಂತವು. ಅವನ್ನೆಲ್ಲ ಅವನು ಒಂದೊಂದಾಗಿ ನುಂಗಿದ್ದಕ್ಕೆ ಸಂತ ನಿಕೋಲನೇ ಸಾಕ್ಷಿ.

ಮೀನಿನ ತಟ್ಟೆ ಹೊತ್ತು ದೆಸಾಂಕಾ ಗೇಟಿನೊಳಗೆ ಬಂದಳು. ಟೋಪಿ ಹಾಕಿಕೊಂಡು ವ್ಯಾನಿನಲ್ಲಿ ಕೂತ ಕೂಮನನ್ನು ನೋಡಿದಳು, ಕತ್ತಲಾದ ಮನೆ ನೋಡಿದಳು.

"ಏನು ಮಾಡ್ದೆ?" ಎಂದಳು ಗಂಡನಿಗೆ.

"ಮಾತಾಡ್ಲಿಲ್ಲ ನಾನು. ಕಾಫಿ ಕೊಟ್ಟೆ ಅಷ್ಟೇ."

"ಮೀನಿಗಿಂತ ಮೊದಲು?"

ತಿಹೊಮಿರ್ ತನ್ನ ಚಪ್ಪಲಿ ನೋಡಿಕೊಂಡ. ದೆಸಾಂಕಾಳ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. "ಕೂಮ, ಒಳಗೆ ಬನ್ನಿ. ಈ ಮನುಷ್ಯನಿಗೆ ಬುದ್ಧಿಯಿಲ್ಲ ಅಂತ ಮದುವೆಗೆ ಸಾಕ್ಷಿ ನಿಂತ ನಿಮಗೆ ಗೊತ್ತಿಲ್ವಾ?"

"ಬೇಡ ದೆಸಾಂಕಾ. ಕಾಫಿ ಆಯ್ತಲ್ಲ. ನಡ್ಕೊಂಡೇ ಇಳೀತೀನಿ."

ಆ ಮಂಡಿ, ಆ ಇಳಿಜಾರು, ಆ ಹಿಮ. ತಿಹೊಮಿರನಿಗೆ ಕ್ಷಮೆ ಕೇಳುವ ವಿದ್ಯೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ವಿದ್ಯೆ. "ಇರು, ಸ್ಟಾರ್ಟ್ ಮಾಡ್ಕೊಡ್ತೀನಿ" ಎಂದು ಒಳಗೆ ಓಡಿ ಒಂದು ಪೆಟ್ಟಿಗೆ ಹೊತ್ತು ತಂದ.

"ಅದು ಖಾಲಿ ಅಲ್ವಾ? ಕಾಫಿಗೇ ಮುಗಿಸಿದ್ಯಲ್ಲ" ಎಂದ ಜಿವಾದಿನ್. ಅವನಿಗೆ ಆ ದೀಪದ ಗುಟ್ಟು ಮೊದಲೇ ತಿಳಿದಿತ್ತು.

"ಖಾಲಿಯೇ. ಆದ್ರೆ ನಿನ್ನ ಬ್ಯಾಟರೀಲಿ ಇನ್ನೂ ಜೀವ ಇದೆ. ಒಂದೇ ಸಲ ಒದೆಯೋ ಶಕ್ತಿ ಇಲ್ಲ, ಅಷ್ಟೇ. ಅದು ಗುಟುಕು ಗುಟುಕಾಗಿ ಕೊಡ್ಲಿ. ಇದು ಹಿಡಿದಿಟ್ಕೊಂಡು ಒಂದೇ ಏಟಿಗೆ ಒದೆಯುತ್ತೆ."

ನಡುವೆ ಹಳೆಯ ಹೆಡ್‌ಲೈಟಿನ ಬಲ್ಬೊಂದನ್ನು ಕಟ್ಟಿ ಬ್ಯಾಟರಿಯಿಂದ ಪೆಟ್ಟಿಗೆಗೆ ತಂತಿ ಎಳೆದ. ಬಲ್ಬು ಹಳದಿಯಾಗಿ ಹತ್ತಿತು. ಇಬ್ಬರೂ ಅದರ ಬೆಳಕಿನಲ್ಲಿ ಸಿಗರೇಟು ಹಚ್ಚಿದರು. ಪೆಟ್ಟಿಗೆ ತುಂಬುತ್ತ ಬಂದಂತೆ ಬಲ್ಬು ಮಂಕಾಯಿತು, ಕೆಂಪಾಯಿತು, ಆರಿತು. ತಿಹೊಮಿರ್ ಬಲ್ಬನ್ನು ಕಿತ್ತು ದಪ್ಪ ತಂತಿ ಜೋಡಿಸಿ ತಲೆಯಾಡಿಸಿದ. ಜಿವಾದಿನ್ ಬೀಗದ ಕೈ ತಿರುಗಿಸಿದ. ವ್ಯಾನು ಒಮ್ಮೆ ಕೆಮ್ಮಿ, ಮೈಕೊಡವಿ ಗುಡುಗಿತು.

ಜಿವಾದಿನ್ ಕೆಳಗಿಳಿದು ಪೆಟ್ಟಿಗೆಯ ಹತ್ತಿರ ಬಂದ. "ಯಾರ ಶಕ್ತಿಯಿಂದ ಸ್ಟಾರ್ಟ್ ಆಯ್ತು ಇದು?" ಎಂದ.

ತಿಹೊಮಿರ್ ಹೆಂಡತಿಯ ಮುಖ ನೋಡಿದ. ತನ್ನ ಜೀವಮಾನದಲ್ಲೇ ಅತಿ ಕಷ್ಟದ ಮಾತನ್ನು ಆಡಿದ. "ನಿನ್ನ ಬ್ಯಾಟರೀದು."

"ಜೋರಾಗಿ ಹೇಳು, ಎಂಜಿನ್ ಸದ್ದು."

"ನಿನ್ನ ಬ್ಯಾಟರೀದೇ, ಕೂಮ. ನನ್ನ ಪೆಟ್ಟಿಗೆಯಲ್ಲಿ ಹನಿಯೂ ಇರಲಿಲ್ಲ. ಅವತ್ತು ನಾನು ಆಡಿದ್ದು ಅಧಿಕಪ್ರಸಂಗ."

"ಒದ್ದಿದ್ದು ಮಾತ್ರ ನಿನ್ನ ಪೆಟ್ಟಿಗೇನೆ" ಎಂದ ಜಿವಾದಿನ್ ನಿಧಾನವಾಗಿ. "ಅಂಥ ಒದೆ ನನ್ನ ಅಂಗಡಿಯ ಯಾವ ಮಾಲೂ ಒದೆಯಲ್ಲ. ಜೋರಿದೆ ಅದು." ಪೆಟ್ಟಿಗೆಯ ಬೆನ್ನು ತಟ್ಟಿದ. ತಿಹೊಮಿರನಿಗೆ ತನ್ನ ಬೆನ್ನನ್ನೇ ತಟ್ಟಿದಷ್ಟು ಸಂತೋಷವಾಯಿತು.

"ಎಂಜಿನ್ ಆಫ್ ಮಾಡಿ ಒಳಗೆ ಬನ್ನಿ ಕೂಮ, ಮೀನು ತಣ್ಣಗಾಗ್ತಿದೆ" ಎಂದಳು ದೆಸಾಂಕಾ.

ತಿಹೊಮಿರ್ ಬೆಚ್ಚಿದ. ಬ್ಯಾಟರಿ ತನ್ನ ಕೊನೆಯ ಗುಟುಕನ್ನೂ ಕೊಟ್ಟು ಮುಗಿಸಿತ್ತು. ಎಂಜಿನ್ ಒಂದಷ್ಟು ದೂರ ಓಡಿ ಅದನ್ನು ತುಂಬಿಸದ ಹೊರತು ಮತ್ತೆ ಏಳುವುದಿಲ್ಲ. "ಆಫ್ ಮಾಡ್..." ಎಂದು ಬಾಯಿ ತೆಗೆದ. ಹೆಂಡತಿಯ ಬೂಟು ಅವನ ಚಪ್ಪಲಿ ಕಾಲಿನ ಮೇಲೆ ಭದ್ರವಾಗಿ ಬಂದು ನಿಂತಿತು. ಜಿವಾದಿನ್ ವ್ಯಾನನ್ನು ನೋಡಿದ, ಮೀನನ್ನು ನೋಡಿದ, ಬೀಗದ ಕೈ ತಿರುಗಿಸಿ ಆರಿಸಿದ. ಟೋಪಿ ತೆಗೆದು ಒಳಗೆ ನಡೆದ.

"ಏನು ಮಾಡಿಬಿಟ್ಟೆ ದೆಸಾಂಕಾ" ಎಂದು ತಿಹೊಮಿರ್ ಪಿಸುಗುಟ್ಟಿದ. "ಆ ವ್ಯಾನು ಇನ್ನು ಬೆಳಗಾಗೋವರೆಗೂ ಅಲುಗಾಡಲ್ಲ. ಕೂಮ ಇವತ್ತು ಇಲ್ಲೇ ಮಲಗ್ಬೇಕಾಗುತ್ತೆ. ಪಾಪ, ಅವನಿಗೆ ಗೊತ್ತಾಗಲೇ ಇಲ್ಲ."

"ಕೂದಲು ನರೆಯೋವರೆಗೂ ಬ್ಯಾಟರಿ ಮಾರಿದ ಮನುಷ್ಯ ತಿಹೋ ಅವರು. ಅವರಿಗೆ ಗೊತ್ತಿಲ್ಲದೆ ಇರುತ್ತಾ? ನಿನ್ನ ಭಾಷಣ ಕೇಳಿ ಕೇಳಿ ನನಗೂ ಗೊತ್ತಿತ್ತು" ಎಂದಳು ದೆಸಾಂಕಾ, ಮೀನಿನ ತಟ್ಟೆ ಅವನ ಕೈಗಿಡುತ್ತ. "ಇಲ್ಲಿ ಏನು ನಡೀತು ಅಂತ ಗೊತ್ತಾಗದೆ ಇದ್ದದ್ದು ನಿನಗೊಬ್ಬನಿಗೇ. ನಡಿ, ನಮ್ಮ ಹಾಸಿಗೆಗೆ ಒಗೆದ ಹೊದಿಕೆ ಹಾಸು. ಕೂಮ ಅಲ್ಲಿ ಮಲಗ್ತಾರೆ. ನಿನಗೆ ಉಗ್ರಾಣದಲ್ಲಿ, ಎಲೆಕೋಸಿನ ಪಕ್ಕ."