ಕಣ್ಣು ಹೊಡೆಯುವ ಟಿವಿ

ನಾನು ಓದು ನಿಲ್ಲಿಸಿದ್ದು ೧೯೮೯ರಲ್ಲಿ. ನನಗೂ ಗಣಿತಕ್ಕೂ ಆಗಿಬರುವುದಿಲ್ಲ ಎಂದು ಏಳನೇ ಕ್ಲಾಸಿನ ಪರೀಕ್ಷೆ ತೀರ್ಪು ಕೊಟ್ಟ ವರ್ಷ ಅದು. ಮುಚ್ಚಿಡುವಂಥದ್ದೇನಿಲ್ಲ. ಗೌರಿಬಿದನೂರಿನಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟು ಮೂವತ್ತು ವರ್ಷವಾಗುತ್ತ ಬಂತು. ಡಿಗ್ರಿ ಮಾಡಿದವರೂ ಕೆಟ್ಟ ಟಿವಿಯನ್ನು ಜ್ವರ ಬಂದ ಮಗುವಿನಂತೆ ಎತ್ತಿಕೊಂಡು ನನ್ನ ಬಳಿಗೇ ಬರುತ್ತಾರೆ. ನನ್ನ ವಿದ್ಯೆಯ ಮುಕ್ಕಾಲು ಭಾಗ ಬಲಗೈಯಲ್ಲಿದೆ. ಚಿತ್ರ ನಡುಗಿದರೆ ಡಬ್ಬ ಟಿವಿಯ ಎಡಪಕ್ಕೆಗೊಂದು ಏಟು, ಉರುಳಿದರೆ ನೆತ್ತಿಗೊಂದು. ಎಷ್ಟು ಜೋರಾಗಿ ಎನ್ನುವುದು ಯಾವ ಪುಸ್ತಕದಲ್ಲೂ ಇಲ್ಲ.

ಇಂಥ ನಾನು ಹೆಮ್ಮೆಗೆಂದು ದೊಡ್ಡದೊಂದು ಚಪ್ಪಟೆ ಟಿವಿ ತಂದು ಗೋಡೆಗೆ ಹಾಕಿದೆ. ಹಳೆಯ ಡಬ್ಬ ಟಿವಿಯನ್ನು ಶಿಡ್ಲಘಟ್ಟದ ನಾದಿನಿ ಮಂಜುಳಾಗೆ ಉದಾರವಾಗಿ ಕೊಟ್ಟುಬಿಟ್ಟೆ. ಹೆಂಡತಿ ಸರೋಜಳನ್ನು ಒಂದು ಮಾತು ಕೇಳಲಿಲ್ಲ. ತಪ್ಪು ಅಲ್ಲಿಂದಲೇ ಶುರು. ಮಗಳು ಚಿಕ್ಕವಳಿದ್ದಾಗ ತಂದ ವಿಡಿಯೋ ಗೇಮಿನ ಪೆಟ್ಟಿಗೆಯೊಂದು ನಮ್ಮಲ್ಲಿದೆ. ಮಗಳು ಅದನ್ನು ಎಂದೋ ಮರೆತಳು, ಸರೋಜ ಮರೆಯಲಿಲ್ಲ. ಮಧ್ಯಾಹ್ನ ಮುದ್ದೆ ಉಂಡ ಮೇಲೆ ಹತ್ತಿಪ್ಪತ್ತು ವಿಮಾನ ಹೊಡೆದುರುಳಿಸದಿದ್ದರೆ ಅವಳಿಗೆ ಉಂಡದ್ದು ಅರಗುವುದಿಲ್ಲ. ಅಂಥದ್ದೇ ಪೆಟ್ಟಿಗೆ ಮಂಜುಳಾಳ ಮನೆಯಲ್ಲೂ ಇದೆ. ಅಕ್ಕ ತಂಗಿಯರಿಗೆ ಸ್ಕೋರಿನ ಜಿದ್ದು.

ಹೊಸ ಟಿವಿಗೆ ಪೆಟ್ಟಿಗೆ ಸಿಕ್ಕಿಸಿದ ದಿನವೇ ಸರೋಜ ಕೂಗಿದಳು: “ರೀ, ನಿಮ್ಮ ಟಿವಿ ಕಣ್ಣು ಹೊಡೀತೈತೆ!” ನಿಜ. ವೈರಿ ವಿಮಾನಗಳು ಮಿಣುಕಿ ಮಾಯವಾಗಿ, ಅವಳ ವಿಮಾನದ ಮೂಗಿನೆದುರೇ ಪ್ರತ್ಯಕ್ಷವಾಗುತ್ತಿದ್ದವು. ಅಭ್ಯಾಸಬಲದಿಂದ ಕೈ ಎತ್ತಿದೆ. ಹೊಡೆಯೋಣವೆಂದರೆ ಇದಕ್ಕೆ ಪಕ್ಕೆಯೇ ಇಲ್ಲ! ಹಪ್ಪಳಕ್ಕೆ ಎಲ್ಲಿ ಅಂತ ಹೊಡೆಯುವುದು?

ಹಳೆಯ ಟಿವಿಯೇ ಬೇಕೆಂಬ ಸರೋಜಳ ಹಟದ ಜೊತೆಗೇ ಸುದ್ದಿ ಶಿಡ್ಲಘಟ್ಟ ಮುಟ್ಟಿತು. ಮಂಜುಳಾಳ ಫೋನು ಬಂತು: “ಏಮಿ ಭಾವ, ಮೆಕ್ಯಾನಿಕ್ ಮನೆ ಟಿವಿನೇ ಅಕ್ಕಂಗೆ ಕಣ್ಣು ಹೊಡೀತೈತಂತೆ? ಭಾನುವಾರ ವಿಡಿಯೋ ಕಾಲ್ ಹಾಕಿ, ಅವರವರ ಮನೇಲಿ ಕೂತು ಪಂದ್ಯ ಆಡಣ. ಅಕ್ಕ ಗೆದ್ರೆ ಡಬ್ಬ ಟಿವಿ ವಾಪಸ್ ತಗೊಂಡೋಗಿ. ಸೋತ್ರೆ ಅದರ ಮಾತೇ ಎತ್ತಂಗಿಲ್ಲ.”

ಸರೋಜ ನನ್ನತ್ತ ತಿರುಗಿದಳು: “ಊರೋರ ಟಿವಿ ಎಲ್ಲಾ ರಿಪೇರಿ ಮಾಡ್ತೀರಲ್ಲ, ಭಾನುವಾರದೊಳಗೆ ಇದೊಂದು ಮಾಡಿ, ನೋಡಣ.”

ವೈರು ಬದಲಿಸಿದೆ, ಅಡಾಪ್ಟರ್ ಬದಲಿಸಿದೆ. ಪೆಟ್ಟಿಗೆಯನ್ನು ಕೈಚೀಲಕ್ಕೆ ಹಾಕಿಕೊಂಡು ಎದುರು ಮನೆಯ ಟಿವಿಗೆ ಹಚ್ಚಿದೆ. ಚಿಕ್ಕಬಳ್ಳಾಪುರದ ಇನ್ನೊಬ್ಬ ಷಡ್ಡಕನ ಮನೆಗೂ ಹೋದೆ. ಹೆಣ್ಣು ನೋಡಲು ಹೋದಂತೆ ಎಲ್ಲ ಕಡೆ ಕಾಫಿ ಕೊಟ್ಟರು, ಎಲ್ಲ ಕಡೆ ಅದು ಕಣ್ಣು ಹೊಡೆಯಿತು. ಕೊನೆಗೆ ಅಂಗಡಿಯಲ್ಲಿದ್ದ ಗಿರಾಕಿಯೊಬ್ಬರ ಡಬ್ಬ ಟಿವಿಗೆ ಹಚ್ಚಿದರೆ, ಅಲ್ಲೂ ಮಿಣುಕು! ಆದರೆ ಹಳೆಯ ಟಿವಿಯ ಗಾಜು ಒಲೆಯಿಂದ ಇಳಿಸಿದ ಕಾವಲಿಯಂತೆ. ಬೆಳಕು ಹೋದಮೇಲೂ ಕ್ಷಣಕಾಲ ಕಾವು ಹಿಡಿದು ಪೆಟ್ಟಿಗೆಯ ಮಾನ ಮುಚ್ಚುತ್ತಿತ್ತು. ಹೊಸ ಟಿವಿ ಎದುರು ಮನೆಯವರ ಹಾಗೆ, ಕಂಡದ್ದನ್ನು ಕಂಡಂತೆ ಹೇಳಿಬಿಡುತ್ತದೆ.

ಶನಿವಾರ ಸೋತ ಮುಖ ಹೊತ್ತು ಬಂದು, ಮೂವತ್ತು ವರ್ಷದಲ್ಲಿ ಯಾರಿಗೂ ಹೇಳದ ಮಾತು ಹೇಳಿದೆ: “ಇದು ರಿಪೇರಿ ಆಗಲ್ಲ ಕಣೇ. ತಪ್ಪು ಟಿವಿದಲ್ಲ, ಪೆಟ್ಟಿಗೆ ಗುಣವೇ ಹಂಗೆ.”

ಸರೋಜ ಆಟ ನಿಲ್ಲಿಸಲಿಲ್ಲ. “ನಂಗೂ ಗೊತ್ತಾಯ್ತು. ಅದು ಯಾವಾಗ್ಲೂ ಕಣ್ಣು ಹೊಡೆಯಲ್ಲ ಕಣ್ರೀ, ವಿಮಾನಗಳ ಪಂಕ್ತಿ ಉದ್ದ ಆದಾಗ ಮಾತ್ರ. ಪಾಪ, ಪೆಟ್ಟಿಗೆ ಹತ್ರ ಬಡಿಸೋಕೆ ಇರೋದು ಒಂದೇ ಸೌಟು. ಒಂದು ಪಂಕ್ತೀಲಿ ನಾಕು ಎಲೆಗೆ ಬಡಿಸ್ತದೆ. ಐದನೇವ್ನು ಬಂದು ಕೂತ್ರೆ ಈ ಸಲ ಒಬ್ಬನ್ನ ಬಿಡ್ತದೆ, ಮುಂದಿನ ಸಲ ಇನ್ನೊಬ್ಬನ್ನ. ಬಿಟ್ಟೋನು ಮಾಯ. ಅದ್ಕೇ ಕೊನೇಲಿ ಕೂತೋನ್ನ ಮೊದ್ಲು ಎಬ್ಬಿಸಿಬಿಡ್ತೀನಿ.” ಹಾಗೆಂದು ಅಂಚಿನ ವಿಮಾನವನ್ನು ಗುಂಡು ಹೊಡೆದು ಊಟದ ಮಧ್ಯೆಯೇ ಎಬ್ಬಿಸಿದಳು. ಉಳಿದ ನಾಲ್ಕೂ ಕಣ್ಣು ಮಿಟುಕಿಸದೆ ನಿಂತವು.

ಭಾನುವಾರ ನನ್ನ ಪಾಲಿಗೆ ಬಂದದ್ದು ಫೋನು ಹಿಡಿಯುವ ಕೆಲಸ. ಸರೋಜ ಗೆದ್ದಳು. “ಮೋಸ! ಭಾವ ಏನೋ ರಿಪೇರಿ ಮಾಡವ್ರೆ!” ಎಂದು ಮಂಜುಳಾ ಕೂಗಾಡಿದಳು. ಸರೋಜ ನನ್ನನ್ನೊಮ್ಮೆ ನೋಡಿ, “ಹೂಂ ಕಣೇ, ಅವರದ್ದೇ ಕೈಗುಣ” ಎಂದಳು. ಇಲ್ಲ ಎನ್ನಬೇಕಿತ್ತು. ನಾನು ಮೀಸೆ ಸವರಿಕೊಂಡೆ.

ಮರುದಿನ ಅದೇ ಕೈಗುಣದಿಂದ ಡಬ್ಬ ಟಿವಿಯನ್ನು ಶಿಡ್ಲಘಟ್ಟದಿಂದ ಹೊತ್ತು ತಂದೆ. ಈಗ ನನ್ನ ಬಳಿ ಇರುವುದು ಇಷ್ಟು: ಅಂಗಡಿ ಒಂದು, ಮನೆಯಲ್ಲಿ ಟಿವಿ ಎರಡು, ಆಟದ ಪೆಟ್ಟಿಗೆ ಒಂದು, ಸೊಂಟನೋವು ಒಂದು, ಮತ್ತು ಏಳನೇ ಕ್ಲಾಸು ದಾಟದ ನನಗೆ ಎಂಟನೇ ಕ್ಲಾಸಿನ ಪಾಠ ಶುರುಮಾಡಿರುವ ಹೆಂಡತಿ ಒಬ್ಬಳು.